ಮೀನು ಮೂಲೆ ಹಿಡಿದಾಗ: ಉಪ್ಪುನೀರಿನ ಟ್ಯಾಂಕಿನಲ್ಲಿ ದೋಷ ಹುಡುಕುವ ಬಗೆ

ಜುಲೈ ತಿಂಗಳ ಒಂದು ರಾತ್ರಿ ಸಾಗರದ ಗೆಳೆಯ ಫೋನ್ ಮಾಡಿದ. ಹೆಂಚಿನ ಮೇಲೆ ಬೀಳುತ್ತಿದ್ದ ಮಳೆಯ ಸದ್ದು ಅವನ ಮಾತಿಗಿಂತ ಜೋರಾಗಿ ಕೇಳುತ್ತಿತ್ತು.

"ಮಾರಾಯ, ಮೀನೆಲ್ಲ ಮೇಲೆ ಬಂದು ಬಾಯಿ ಬಿಡ್ತಾ ಇದಾವೆ. ಯಾವ ಔಷಧಿ ಹಾಕ್ಲಿ?"

"ಕರೆಂಟ್ ಇದ್ಯಾ?" ಅಂತ ಕೇಳಿದೆ.

ಮಧ್ಯಾಹ್ನ ಮೂರಕ್ಕೇ ಹೋಗಿತ್ತಂತೆ. ಇನ್ವರ್ಟರ್‌ಗೆ ದೀಪ, ಫ್ಯಾನು, ಟಿವಿ ಎಲ್ಲ ಕೊಟ್ಟಿದ್ದ. ಟ್ಯಾಂಕಿನ ಪಂಪಿಗೆ ಮಾತ್ರ ಕೊಟ್ಟಿರಲಿಲ್ಲ. ಮೀನಿಗೆ ಬೇಕಾಗಿದ್ದು ಔಷಧಿ ಅಲ್ಲ, ಉಸಿರು. ಚೊಂಬಿನಲ್ಲಿ ಟ್ಯಾಂಕಿನ ನೀರನ್ನೇ ಎತ್ತಿ, ಒಂದಡಿ ಮೇಲಿಂದ ಸುರೀತಾ ಇರು ಅಂದೆ. ಪ್ಲಾಸ್ಟಿಕ್ ಚೊಂಬು, ತಾಮ್ರದ್ದಲ್ಲ ಅಂತಲೂ ಹೇಳಿದೆ. ಅದು ಯಾಕೆ ಅಂತ ಮುಂದೆ ಬರುತ್ತದೆ. ಗಂಡ ಹೆಂಡತಿ ಸರದಿ ಮೇಲೆ ಒಂದೂವರೆ ಗಂಟೆ ಸುರಿದರು. ಬೆಳಿಗ್ಗೆ ಏಳಕ್ಕೆ ಏಳೂ ಮೀನು ಆರಾಮಾಗಿದ್ದವು. ಅವತ್ತು ಅವನ ಕೈಗೆ ಔಷಧಿ ಸಿಕ್ಕಿದ್ದರೆ ಒಂದೂ ಉಳಿಯುತ್ತಿರಲಿಲ್ಲ.

ಶಿವಮೊಗ್ಗದ ಗೋಪಾಳದಲ್ಲಿರುವ ನಮ್ಮ ಮನೆಯಲ್ಲಿ ಮೂರಡಿ ಉದ್ದದ, 180 ಲೀಟರಿನ ಉಪ್ಪುನೀರಿನ ಟ್ಯಾಂಕ್ ಇದೆ. ಅದಕ್ಕೂ ಮೊದಲು ಅದು ತೀರ್ಥಹಳ್ಳಿ ಹತ್ತಿರದ ನಮ್ಮ ಹಳೇ ಮನೆಯಲ್ಲಿತ್ತು. ಅಷ್ಟು ವರ್ಷದಲ್ಲಿ ನಾನು ಕೊಂದ ಮೀನುಗಳಲ್ಲಿ ರೋಗದಿಂದ ಸತ್ತವು ಕಡಿಮೆ. ನೀರು, ಕರೆಂಟು, ಹವೆ, ಆಮೇಲೆ ನನ್ನ ಆತುರ, ಇವುಗಳಿಂದ ಸತ್ತವೇ ಜಾಸ್ತಿ. ಹಾಗಾಗಿ ಮೊದಲು ನೀರು, ಆಮೇಲೆ ಮೀನು, ಔಷಧಿ ಕೊನೆಗೆ ಅಂತ ಇಟ್ಟುಕೊಂಡಿದ್ದೇನೆ. ಈ ಕ್ರಮಕ್ಕೆ ಒಪ್ಪದ ರೋಗ ಒಂದಿದೆ, ವೆಲ್ವೆಟ್ ಎಂಬ ಪರೋಪಜೀವಿಯದ್ದು. ಅದು ಕಾಯಲು ಬಿಡುವುದಿಲ್ಲ.

ಮೊದಲು ಎಣಿಸಿ

ಟ್ಯಾಂಕಿನ ಮುಂದೆ ಒಂದು ಸ್ಟೂಲ್ ಹಾಕಿಕೊಂಡು ಹತ್ತು ನಿಮಿಷ ಸುಮ್ನೆ ಕೂತುಕೊಳ್ಳಿ. ಕೈ ಒಳಗೆ ಹಾಕಬೇಡಿ.

ಎಷ್ಟು ಮೀನಿಗೆ ತೊಂದರೆ ಆಗಿದೆ? ನಿನ್ನೆ ಚೆನ್ನಾಗಿದ್ದು ಇವತ್ತು ಎಲ್ಲವೂ ಒಟ್ಟಿಗೆ ಏದುಸಿರು ಬಿಡುತ್ತಿದ್ದರೆ ತೊಂದರೆ ನೀರಿನಲ್ಲಿದೆ ಅಂತಲೇ ಶುರು ಮಾಡಿ. ಒಂದೇ ಮೀನು ಮೂಲೆ ಹಿಡಿದಿದ್ದರೆ, ಬೇರೆ ಮೀನು ಕಚ್ಚಿದೆಯಾ, ಅಟ್ಟಾಡಿಸುತ್ತಿದೆಯಾ ನೋಡಿ. ಒಂದಕ್ಕೆ ಶುರುವಾಗಿ ಮೂರು-ನಾಲ್ಕು ದಿನದಲ್ಲಿ ಇನ್ನೊಂದಕ್ಕೆ, ಮತ್ತೊಂದಕ್ಕೆ ಹಬ್ಬಿದರೆ ಅದು ಅಂಟುವ ರೋಗ.

ಆಮೇಲೆ ಸಿಗಡಿ ಮತ್ತು ಬಸವನಹುಳುಗಳನ್ನು ನೋಡಿ. ಇದು ನನಗೆ ತುಂಬ ಕೆಲಸಕ್ಕೆ ಬಂದ ಗುರುತು. ಮೀನು ಸಾಯುತ್ತಿವೆ, ಸಿಗಡಿ ಮಾತ್ರ ಮೀಸೆ ಆಡಿಸಿಕೊಂಡು ತಿರುಗುತ್ತಿದೆ ಅಂದರೆ ಮೀನಿಗೆ ಮಾತ್ರ ಅಂಟುವ ಪರೋಪಜೀವಿ ಇರುವ ಸಾಧ್ಯತೆ ಹೆಚ್ಚು. ಸಿಗಡಿ ಮಗುಚಿ ಬಿದ್ದಿದೆ, ಬಸವನಹುಳು ಗಾಜಿನಿಂದ ಕಳಚಿ ಮರಳಿನ ಮೇಲೆ ಬಿದ್ದಿದೆ, ಮೀನು ಮಾತ್ರ ಊಟಕ್ಕೆ ಓಡಿ ಬರುತ್ತಿವೆ ಅಂದರೆ ತಾಮ್ರ ಅಥವಾ ಉಪ್ಪಿನ ಅಂಶದ ಕಡೆ ಬೆರಳು ತೋರಿಸಿ.

ಉಸಿರನ್ನೂ ಎಣಿಸಿ. ಕಿವಿರಿನ ಮುಚ್ಚಳ 15 ಸೆಕೆಂಡಿನಲ್ಲಿ ಎಷ್ಟು ಸಲ ತೆರೆಯುತ್ತದೆ ನೋಡಿ ನಾಲ್ಕರಿಂದ ಗುಣಿಸಿ. ನಮ್ಮ ಮನೆಯ ಕ್ಲೌನ್ ಮೀನು ಆರಾಮಾಗಿದ್ದಾಗ ನಿಮಿಷಕ್ಕೆ 70ರ ಆಸುಪಾಸು. ನಿಮ್ಮ ಮೀನು ಚೆನ್ನಾಗಿರುವಾಗಲೇ ಎಣಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಅದು ಗೊತ್ತಿಲ್ಲದಿದ್ದರೆ ಕಾಯಿಲೆ ದಿನ ಸಿಕ್ಕ ಲೆಕ್ಕವನ್ನು ಯಾವುದರ ಜೊತೆ ಹೋಲಿಸುತ್ತೀರಿ?

ಬೆಳಿಗ್ಗೆ ಮಾತ್ರ ಏದುಸಿರು, ಹತ್ತು ಗಂಟೆ ಹೊತ್ತಿಗೆ ಸರಿಹೋಗುತ್ತದೆ ಅಂದರೆ ರಾತ್ರಿ ಆಮ್ಲಜನಕ ಸಾಲುತ್ತಿಲ್ಲ. ಉಪ್ಪುನೀರಿನಲ್ಲಿ ಅದು ಕರಗುವುದೇ ಕಡಿಮೆ. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಹಿಡಿದುಕೊಂಡರೆ, ಸಮುದ್ರದ ನೀರು 6.7ರ ಹತ್ತಿರ. ನೀರು ಬಿಸಿಯಾದಷ್ಟೂ ಇನ್ನೂ ಇಳಿಯುತ್ತದೆ. ಗೋಲ್ಡ್ ಫಿಶ್ ಸಾಕಿದ ಧೈರ್ಯದಲ್ಲಿ ಉಪ್ಪುನೀರಿಗೆ ಇಳಿದವರು ಇಲ್ಲೇ ಎಡವುತ್ತಾರೆ.

ನೀರನ್ನು ವಿಚಾರಿಸುವುದು

ನೋಡಬೇಕಾದ್ದು ಐದು: ಉಷ್ಣತೆ, ಉಪ್ಪು, ಅಮೋನಿಯಾ, ನೈಟ್ರೈಟ್, ಪಿಎಚ್ (ಆಮ್ಲ-ಕ್ಷಾರದ ಅಳತೆ). ಉಷ್ಣತೆ 25-26 ಡಿಗ್ರಿ, ಉಪ್ಪು ರಿಫ್ರಾಕ್ಟೋಮೀಟರ್ ಎಂಬ ಉಪಕರಣದಲ್ಲಿ 1.025ರ ಹತ್ತಿರ (ಅಂದರೆ ಸಿಹಿನೀರಿಗಿಂತ ಅಷ್ಟು ಪಟ್ಟು ಭಾರ), ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ, ಪಿಎಚ್ 8.0ರಿಂದ 8.4. ನೈಟ್ರೇಟ್ ಸ್ವಲ್ಪ ಜಾಸ್ತಿ ಇದ್ದರೆ ಮೀನು ಇವತ್ತು ಸಾಯುವುದಿಲ್ಲ, ಅದನ್ನು ಆಮೇಲೆ ನೋಡಿಕೊಳ್ಳಬಹುದು.

ಅಮೋನಿಯಾ ಸ್ವಲ್ಪ ಕಂಡರೂ ಉಪ್ಪುನೀರಿನಲ್ಲಿ ಹಗುರವಾಗಿ ತೆಗೆದುಕೊಳ್ಳಬೇಡಿ. ಪಿಎಚ್ 7 ಇರುವ ನೀರಿನಲ್ಲಿ ಒಟ್ಟು ಅಮೋನಿಯಾದಲ್ಲಿ ವಿಷದ ರೂಪದಲ್ಲಿರುವುದು ನೂರಕ್ಕೆ ಒಂದು ಪಾಲೂ ಇಲ್ಲ. 8.2ರಲ್ಲಿ ಅದು ಏಳೆಂಟು ಪಾಲು. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಮೀನು ತರಿಸುವವರಿಗೆ ಇದು ಗೊತ್ತಿರಲೇಬೇಕು. ಏಳೆಂಟು ಗಂಟೆ ಕಟ್ಟಿಟ್ಟ ಕವರಿನಲ್ಲಿ ಮೀನಿನ ಉಸಿರಿನಿಂದ ಪಿಎಚ್ ಇಳಿದಿರುತ್ತದೆ, ಅಮೋನಿಯಾ ಏರಿದ್ದರೂ ಅಷ್ಟು ಕಚ್ಚುವುದಿಲ್ಲ. ಕವರ್ ಬಿಚ್ಚಿದ ತಕ್ಷಣ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಮೇಲೇರುತ್ತದೆ. ಅದೇ ನೀರಿನಲ್ಲಿ ಮೀನನ್ನು ಇಟ್ಟು ಎರಡು ಗಂಟೆ ತೊಟ್ಟು ತೊಟ್ಟಾಗಿ ಟ್ಯಾಂಕಿನ ನೀರು ಬಿಡುತ್ತಾ ಕೂತರೆ ನಾವೇ ವಿಷ ಉಣಿಸಿದ ಹಾಗೆ. ದೂರದಿಂದ ಬಂದ ಮೀನಿಗೆ ಕವರಿನ ಉಪ್ಪನ್ನು ಅಳೆದು, ಬೇರೆ ಇಟ್ಟ ಟ್ಯಾಂಕಿನಲ್ಲಿ ಅಷ್ಟೇ ಉಪ್ಪಿನ ನೀರು ಇಟ್ಟುಕೊಂಡು, ಕವರ್ ತೇಲಿಸಿ ಉಷ್ಣತೆ ಹೊಂದಿಸಿ, ಬಿಚ್ಚಿದ ಮೇಲೆ ಬೇಗ ಎತ್ತಿ ಬಿಡುವುದು ಒಳ್ಳೆಯದು. ಕವರಿನ ನೀರು ಚರಂಡಿಗೆ.

ಉಪ್ಪಿನ ಕಥೆ ಮಲೆನಾಡಿನಲ್ಲಿ ಬೇರೆಯೇ. ಬೇಸಿಗೆಯಲ್ಲಿ ನಮ್ಮ ಟ್ಯಾಂಕಿನಿಂದ ದಿನಕ್ಕೆ ಮೂರು ಲೀಟರ್ ತನಕ ಆವಿಯಾಗುತ್ತದೆ. ಹೋಗುವುದು ನೀರು, ಉಪ್ಪು ಅಲ್ಲೇ ಇರುತ್ತದೆ. ಸಿಹಿನೀರು ತುಂಬಿಸದಿದ್ದರೆ ಒಂದೇ ವಾರದಲ್ಲಿ 1.028 ದಾಟುತ್ತದೆ. ಮಳೆಗಾಲದಲ್ಲಿ ತದ್ವಿರುದ್ಧ. ಗಾಳಿಯೇ ಒದ್ದೆ, ಆವಿ ಆಗುವುದೇ ಇಲ್ಲ ಅನ್ನಬಹುದು. ಬೇಸಿಗೆಯ ಅಭ್ಯಾಸದಲ್ಲಿ ದಿನಾ ಎರಡು ಚೊಂಬು ಸುರಿದರೆ ಉಪ್ಪು ತೆಳ್ಳಗಾಗುತ್ತಾ ಹೋಗುತ್ತದೆ. ಗಾಜಿಗೆ ಒಂದು ಗೆರೆ ಎಳೆದು ಗೆರೆ ನೋಡಿ ಹಾಕಿ, ದಿನ ನೋಡಿ ಹಾಕಬೇಡಿ.

ಸಮುದ್ರದ ನೀರೇ ತರುತ್ತೇನೆ ಅನ್ನುವವರೂ ಇದ್ದಾರೆ. ಹುಲಿಕಲ್ ಘಾಟಿ ಇಳಿದರೆ ಕುಂದಾಪುರ, ಆಗುಂಬೆ ಇಳಿದರೆ ಉಡುಪಿ, ಆಸೆ ಆಗುವುದು ಸಹಜ. ಪರಿಚಯದವರೊಬ್ಬರು ಆಷಾಢದಲ್ಲಿ ಮೂರು ಕ್ಯಾನ್ ತುಂಬಿಸಿಕೊಂಡು ಬಂದರು, ಗಂಗೊಳ್ಳಿಯಿಂದ. ಐದು ನದಿ ಸಮುದ್ರ ಸೇರುವ ಜಾಗ ಅದು! ಕ್ಯಾನಿನ ನೀರು ಅಳೆದರೆ 1.012. ಅಳೆದದ್ದು ಟ್ಯಾಂಕಿಗೆ ಹಾಕಿದ ಮೇಲೆ. ಮೀನು ತಡೆದುಕೊಂಡವು, ಬಸವನಹುಳುಗಳು ಒಂದೊಂದಾಗಿ ಉದುರಿದವು. ಮಳೆಗಾಲದಲ್ಲಿ ದಡದ ನೀರನ್ನು ನಂಬಬೇಡಿ. ಇನ್ನು ಅಡುಗೆ ಉಪ್ಪು, ಕಲ್ಲುಪ್ಪು ಕರಗಿಸಿ ಸಮುದ್ರ ಮಾಡುವ ಯೋಚನೆ ಬಿಟ್ಟುಬಿಡಿ. ಉಪ್ಪಿನ ಗದ್ದೆಯಲ್ಲಿ ಹರಳು ಕಟ್ಟಿದ ಮೇಲೆ ಉಳಿಯುವ ಕಹಿ ನೀರನ್ನು ಹೊರಗೆ ಬಿಡುತ್ತಾರಲ್ಲ, ಮೆಗ್ನೀಸಿಯಂ ಬಹುಪಾಲು ಅದರ ಜೊತೆಗೇ ಹೋಗಿರುತ್ತದೆ. ಮೀಟರ್ 1.025 ತೋರಿಸುತ್ತದೆ, ಆದರೆ ಅದು ಸಮುದ್ರ ಅಲ್ಲ.

ಪಿಎಚ್ ಇಳಿದಿದ್ದರೆ ತಕ್ಷಣ ಅಡುಗೆ ಸೋಡಾ ಡಬ್ಬಿಗೆ ಕೈ ಹಾಕಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಕಿಟಕಿ ತೆಗೆಯುವವರು ಯಾರು? ಮುಚ್ಚಿದ ಮನೆಯಲ್ಲಿ ನಾಲ್ಕೈದು ಜನರ ಉಸಿರು, ಗ್ಯಾಸ್ ಒಲೆ, ಬಚ್ಚಲ ಒಲೆಯ ಹೊಗೆ. ಆ ಗಾಳಿಯನ್ನೇ ಏರ್ ಪಂಪು ನೀರಿಗೆ ಊದುತ್ತದೆ. ಒಂದು ಲೋಟ ಟ್ಯಾಂಕಿನ ನೀರನ್ನು ಜಗಲಿಗೆ ಒಯ್ದು, ಅಲ್ಲಿ ಒಂದು ಗಂಟೆ ಗಾಳಿ ಊದಿ ಮತ್ತೆ ಅಳೆಯಿರಿ. ಪಿಎಚ್ ಏರಿದರೆ ದೋಷ ಮನೆಯ ಗಾಳಿಯದ್ದು. ಏರ್ ಪಂಪಿನ ಪೈಪನ್ನು ಕಿಟಕಿ ಸಂದಿಯಿಂದ ಹೊರಗಿನ ಗಾಳಿಗೆ ಕೊಟ್ಟರೆ ಸಾಕು. ಏರಲಿಲ್ಲವೋ, ಆಗ ನೀರಿನ ಕ್ಷಾರ ಕಡಿಮೆಯಾಗಿದೆ ಅಂತ ನೋಡಬಹುದು.

ಕರೆಂಟ್ ಹೋಗಿ ಆರೇಳು ಗಂಟೆ ಆಗಿದ್ದರೆ ಇನ್ನೊಂದು ಅಪಾಯ ಇದೆ. ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರಿನೊಳಗೆ ನಿಂತ ನೀರು ಕೊಳೆತಿರುತ್ತದೆ. ಕರೆಂಟ್ ಬಂದ ಖುಷಿಯಲ್ಲಿ ಹಾಗೇ ಓಡಿಸಿದರೆ ಅದೆಲ್ಲ ಟ್ಯಾಂಕಿಗೆ. ಮೊದಲು ಬಿಚ್ಚಿ, ಆ ನೀರು ಚೆಲ್ಲಿ, ಒಳಗಿನ ಸ್ಪಂಜನ್ನು ಟ್ಯಾಂಕಿನ ನೀರಿನಲ್ಲೇ ಜಾಲಿಸಿ ಹಾಕಿ. ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿರಲಿ. ಇನ್ವರ್ಟರ್‌ಗೆ ಟ್ಯಾಂಕಿನ ದೀಪ, ಹೀಟರ್ ಬೇಡ, ನೀರು ತಿರುಗಿಸುವ ಪಂಪ್ ಒಂದು ಸಾಕು. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ, ಹಾಗಾಗಿ ಕೈ ಹಾಕುವ ಮೊದಲು ಸ್ವಿಚ್ ಆರಿಸುವುದನ್ನು ರೂಢಿ ಮಾಡಿಕೊಳ್ಳಿ.

ಹಂಡೆಯ ಕಿಲುಬು

ಇದು ನನ್ನ ತಪ್ಪಿನ ಕಥೆ. ತೀರ್ಥಹಳ್ಳಿ ಮನೆಯಲ್ಲಿ ಡಿಸೆಂಬರ್ ಚಳಿ. ನೀರು ಬದಲಿಸಲು ಡ್ರಮ್ಮಿನಲ್ಲಿ ಕಲಸಿಟ್ಟ ಉಪ್ಪುನೀರು ಕೈ ಜುಮ್ಮೆನ್ನುವಷ್ಟು ತಣ್ಣಗಿತ್ತು. ಬಚ್ಚಲಲ್ಲಿ ತಾಮ್ರದ ಹಂಡೆ ಕಾಯುತ್ತಿತ್ತು. ಎರಡು ಕೊಡ ಬಿಸಿನೀರು ತೋಡಿ ಡ್ರಮ್ಮಿಗೆ ಹಾಕಿದೆ, ಉಪ್ಪು ಸರಿಮಾಡಿದೆ, 26 ಡಿಗ್ರಿ ಬಂತು. ಎಷ್ಟು ಬುದ್ಧಿವಂತ ನಾನು ಅನ್ನಿಸಿತು.

ಮರುದಿನ ಬೆಳಿಗ್ಗೆ ಕ್ಲೀನರ್ ಸಿಗಡಿ ಕಲ್ಲಿನ ಬುಡದಲ್ಲಿ ಪಕ್ಕಕ್ಕೆ ವಾಲಿತ್ತು. ಕಾಲು ಒಂದೊಂದೇ ಆಡುತ್ತಿತ್ತು, ಬಿಳಿ ಮೀಸೆ ನೀರು ಹೋದ ಕಡೆ ಹೋಗುತ್ತಿತ್ತು. ಮೂರು ಬಸವನಹುಳು ಬಾಯಿ ಮೇಲೆ ಮಾಡಿ ಬಿದ್ದಿದ್ದವು. ಮೀನುಗಳು ಮಾತ್ರ ಎಂದಿನಂತೆ ಗಾಜಿಗೆ ಮೂತಿ ತಿಕ್ಕಿ ಊಟ ಕೇಳುತ್ತಿದ್ದವು. ಉಪ್ಪು ನೋಡಿದೆ, ಸರಿ. ಅಮೋನಿಯಾ ಸೊನ್ನೆ. ಮೂರು ದಿನ ತಲೆ ಕೆರೆದುಕೊಂಡೆ. ನಾಲ್ಕನೇ ದಿನ ಅಮ್ಮ ಬಚ್ಚಲಲ್ಲಿ ಹುಣಸೆಹಣ್ಣು ಹಾಕಿ ಹಂಡೆ ತಿಕ್ಕುತ್ತಾ, "ಎಷ್ಟು ಕಿಲುಬು ಕಟ್ಟಿದೆ ನೋಡು" ಅಂದರು. ಆಗ ಗೊತ್ತಾಯಿತು. ತಾಮ್ರ ಅಳೆಯುವ ಕಿಟ್ ತರಿಸಿ ನೋಡಿದರೆ ನೀರು ಬಣ್ಣ ತಿರುಗಿತು. ಆ್ಯಕ್ಟಿವೇಟೆಡ್ ಕಾರ್ಬನ್ (ನೀರು ಶುದ್ಧ ಮಾಡುವ ಇದ್ದಿಲು) ಹಾಕಿ, ಹತ್ತು ದಿನದಲ್ಲಿ ಮೂರು ಸಲ ನೀರು ಬದಲಿಸಿ ಸರಿ ಮಾಡಿದ್ದಾಯಿತು. ಸಿಗಡಿ ಉಳಿಯಲಿಲ್ಲ.

ಮೀನು ತಡೆದುಕೊಳ್ಳುವಷ್ಟು ತಾಮ್ರವನ್ನು ಸಿಗಡಿ, ಬಸವನಹುಳು, ಹವಳ ತಡೆದುಕೊಳ್ಳುವುದಿಲ್ಲ. ನಮ್ಮ ಕಡೆ ಅದು ಎಲ್ಲೆಲ್ಲಿಂದ ಬರಬಹುದು ಅಂತ ಯೋಚಿಸಿದರೆ ಗಾಬರಿಯಾಗುತ್ತದೆ. ಕೊಳೆ ರೋಗಕ್ಕೆ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಅಂದರೆ ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತ ಅಂದರೆ ತಾಮ್ರ. ನೂರು ಲೀಟರಿಗೆ ಒಂದೊಂದು ಕೆಜಿ. ಔಷಧಿ ಕಲಸಿದ ಡ್ರಮ್ಮನ್ನು ಎಷ್ಟೇ ತೊಳೆದರೂ ಟ್ಯಾಂಕಿನ ನೀರಿಗೆ ಬಳಸಬೇಡಿ. ಔಷಧಿ ಹೊಡೆದು ಬಂದ ಕೈಯಲ್ಲಿ ಮೀನಿಗೆ ಊಟ ಹಾಕಬೇಡಿ. ತೋಟದ ನಡುವಿನ ತೆರೆದ ಬಾವಿಯ ನೀರನ್ನು ಮಳೆಗಾಲದಲ್ಲಿ ಅಳೆಯದೆ ತರಬೇಡಿ. ಪೇಟೆ ಮನೆಯವರೂ ನಗಬೇಕಾಗಿಲ್ಲ: ಕುಡಿಯುವ ನೀರಿಗೆ ತಾಮ್ರ ಸೇರಿಸುವ ಆರ್‌ಒ ಮಷಿನ್‌ಗಳು ಈಗ ಎಷ್ಟೋ ಮನೆಯಲ್ಲಿವೆ. ಆರೋಗ್ಯಕ್ಕೆ ಒಳ್ಳೆಯದು ಅಂತ ಕೊಂಡ ಮಷಿನ್ನಿನ ನೀರು ಸಿಗಡಿಗೆ ವಿಷ. ಟ್ಯಾಂಕಿಗೆ ನೀರು ತೆಗೆಯುವ ಕೊಳವೆ ತಾಮ್ರ ಸೇರಿಸುವ ಕಾರ್ಟ್ರಿಜ್‌ಗಿಂತ ಮುಂಚೆ ಇರಬೇಕು.

ಚುಕ್ಕೆ ಕಂಡಾಗ

ನೀರು ಸರಿ ಇದೆ, ಆದರೂ ಮೀನು ಸರಿ ಇಲ್ಲ. ಈಗ ಮೈ ನೋಡುವ ಸಮಯ. ರಾತ್ರಿ ಕೋಣೆಯ ದೀಪ, ಟ್ಯಾಂಕಿನ ದೀಪ ಎರಡೂ ಆರಿಸಿ. ಟಾರ್ಚನ್ನು ಎದುರಿನಿಂದ ಬಿಡದೆ ಪಕ್ಕದ ಗಾಜಿನಿಂದ, ಮೀನಿನ ಮೈಗೆ ಸವರಿಕೊಂಡು ಹೋಗುವ ಹಾಗೆ ಬಿಡಿ. ಹಗಲು ಕಾಣದ್ದು ಆಗ ಕಾಣುತ್ತದೆ.

ನಾನು ಅಡುಗೆಮನೆಯ ಲೆಕ್ಕದಲ್ಲಿ ನೆನಪಿಟ್ಟುಕೊಂಡಿದ್ದೇನೆ. ರವೆ ಉದುರಿಸಿದ ಹಾಗೆ, ಒಂದೊಂದಾಗಿ ಎಣಿಸಬಹುದಾದ ಬಿಳಿ ಕಾಳು ಇದ್ದರೆ ಇಚ್ ಎಂಬ ಪರೋಪಜೀವಿ. ಜರಡಿ ಹಿಡಿದ ಹಿಟ್ಟಿಗೆ ಚಿಟಿಕೆ ಅರಿಶಿನ ಬೆರೆಸಿ ಊದಿದ ಹಾಗೆ, ಎಣಿಸಲಾಗದ ನವಿರಾದ ಧೂಳು ಇದ್ದರೆ ವೆಲ್ವೆಟ್. ಗಂಜಿಯ ಕೆನೆ ಅಂಟಿ ಎದ್ದು ಬರುತ್ತಿರುವ ಹಾಗೆ ಲೋಳೆ ಇದ್ದರೆ, ಅದರಲ್ಲೂ ಹೊಸದಾಗಿ ತಂದ ಕ್ಲೌನ್ ಮೀನಾದರೆ, ಬ್ರೂಕ್ಲಿನೆಲ್ಲಾ. ರೆಕ್ಕೆಯ ಅಂಚಿನಲ್ಲಿ ಪುಟ್ಟ ಹೂಕೋಸಿನ ಗಂಟು ಇದ್ದು, ಮೀನು ಉಂಡುಕೊಂಡು ತಿರುಗಾಡಿಕೊಂಡಿದ್ದರೆ ಲಿಂಫೋಸಿಸ್ಟಿಸ್. ಅದು ವೈರಸ್, ಔಷಧಿ ಇಲ್ಲ, ಹೆಚ್ಚಾಗಿ ತಾನೇ ಹೋಗುತ್ತದೆ. ಚಿವುಟಲು ಹೋಗಬೇಡಿ.

ಇಚ್ ಬಂದ ನಮ್ಮ ಟ್ಯಾಂಗ್ ಮೀನನ್ನು ನೋಡಿ ಅಜ್ಜಿ "ಇದಕ್ಕೆ ಅಮ್ಮ ಆಗಿದೆ ಕಣೋ, ಬೇವಿನ ಸೊಪ್ಪು ಇಡು" ಅಂದಿದ್ದರು. ಏಳನೇ ದಿನ ಚುಕ್ಕೆ ಎಲ್ಲ ಮಾಯ! ಅಜ್ಜಿ ಗೆದ್ದರು ಅಂದುಕೊಂಡೆವು. ಇಚ್ ಮೋಸ ಮಾಡುವುದೇ ಹೀಗೆ. ಆ ಪರೋಪಜೀವಿ ಮೀನಿನ ಚರ್ಮದೊಳಗೆ ಮೂರರಿಂದ ಏಳು ದಿನ ಉಂಡು, ಕಳಚಿ ಕೆಳಗೆ ಬಿದ್ದು, ಕಲ್ಲು ಮರಳಿಗೆ ಅಂಟಿ ಗೂಡು ಕಟ್ಟುತ್ತದೆ. ಕೆಲವು ಗೂಡು ಮೂರೇ ದಿನಕ್ಕೆ ಒಡೆಯುತ್ತವೆ, ಕೆಲವು ವಾರಗಟ್ಟಲೆ ಸುಮ್ಮನಿರುತ್ತವೆ. ಒಡೆದಾಗ ಒಂದೊಂದರಿಂದಲೂ ನೂರಾರು ಮರಿ ಹೊರಟು ಮೀನು ಹುಡುಕುತ್ತವೆ. ಎರಡು ವಾರ ಕಳೆದು ಅದೇ ಟ್ಯಾಂಗ್ ಮೈತುಂಬ ಚುಕ್ಕೆ ಹೊತ್ತು ನಿಂತಿತು. ಬೆಳ್ಳುಳ್ಳಿ ರಸದಿಂದ ಗುಣವಾಯ್ತು, ಕ್ಲೀನರ್ ಸಿಗಡಿ ಹೆಕ್ಕಿ ತಿಂದು ವಾಸಿ ಮಾಡಿತು ಅನ್ನುವ ಕಥೆಗಳೆಲ್ಲ ಈ ನಡುವಿನ ಬಿಡುವಿನಲ್ಲಿ ಹುಟ್ಟಿದವು ಅಂತ ನನ್ನ ಅನಿಸಿಕೆ.

ಇಚ್‌ಗೆ ಟ್ಯಾಂಕ್ ಬದಲಿಸುವ ಉಪಾಯವೇ ನನಗೆ ಇಷ್ಟ. ಔಷಧಿ ಬೇಡ, ತಾಮ್ರ ಅಳೆಯುವ ಗೋಜಿಲ್ಲ. ಊಟದ ಸಾಮಾನಿಗೆ ಬಳಸುವಂಥ 40 ಲೀಟರಿನ ಎರಡು ಪ್ಲಾಸ್ಟಿಕ್ ಟಬ್, ಎರಡು ಏರ್ ಸ್ಟೋನ್, ಅಡಗಿಕೊಳ್ಳಲು ಪಿವಿಸಿ ಪೈಪಿನ ಎರಡು ತುಂಡು, ಎರಡು ಹೀಟರ್. ಮೊದಲ ದಿನ ಎಲ್ಲ ಮೀನೂ ಒಂದನೇ ಟಬ್ಬಿಗೆ. 72 ಗಂಟೆ ಆಗುವುದರೊಳಗೆ, ಅಂದರೆ ನಾಲ್ಕನೇ ದಿನ ಎರಡನೆಯದಕ್ಕೆ. ಹಳೆಯದನ್ನು ಪೂರ್ತಿ ಚೆಲ್ಲಿ, ತೊಳೆದು, ಹೀಟರನ್ನೂ ಸೇರಿಸಿ ಎಲ್ಲವನ್ನೂ ಖಟಖಟ ಒಣಗಿಸಿ. ಏಳನೇ ದಿನ ಮತ್ತೆ ಒಂದನೆಯದಕ್ಕೆ, ಹತ್ತನೇ ದಿನ ಮತ್ತೆ ಎರಡನೆಯದಕ್ಕೆ, 13ನೇ ದಿನ ಹೊರಗೆ, ಆದರೆ ರೋಗ ಬಂದ ಹಳೇ ಟ್ಯಾಂಕಿಗಲ್ಲ (ಯಾಕೆ ಅಂತ ಕೊನೆಗೆ ಬರುತ್ತದೆ). ಉದುರಿದ ಗೂಡು ಒಡೆಯುವ ಮೊದಲೇ ಮೀನು ಬೇರೆ ಮನೆ ಸೇರಿರುತ್ತದೆ. ಜೊತೆಗೆ ನೀರು ಹೋಗಬಾರದು, ಮೀನು ಮಾತ್ರ ಹೋಗಬೇಕು. ನಾಲ್ಕು ಸಲಕ್ಕೆ 160 ಲೀಟರ್ ನೀರು, ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಹತ್ತಿರ ಹತ್ತಿರ ಆರು ಕೆಜಿ ಟ್ಯಾಂಕ್ ಉಪ್ಪು. ಮೊದಲೇ ತಂದಿಟ್ಟುಕೊಳ್ಳಿ, ಹತ್ತನೇ ದಿನ ಉಪ್ಪು ಮುಗಿದರೆ ಪಟ್ಟ ಪಾಡೆಲ್ಲ ನೀರಲ್ಲಿ ಹೋಮ.

ಉಪ್ಪನ್ನು 1.009ಕ್ಕೆ ಇಳಿಸಿ ನಾಲ್ಕು ವಾರಕ್ಕೂ ಹೆಚ್ಚು ಇಡುವ ಇನ್ನೊಂದು ದಾರಿಯೂ ಇದೆ. ನಂಬಬಹುದಾದ ರಿಫ್ರಾಕ್ಟೋಮೀಟರ್ ಇಲ್ಲದಿದ್ದರೆ ಅದರ ಸಹವಾಸ ಬೇಡ. 1.011 ಇದ್ದರೆ ಪರೋಪಜೀವಿ ಆರಾಮಾಗಿರುತ್ತದೆ, ನೀವು ಮಾತ್ರ ಸೊರಗುತ್ತೀರಿ.

ವೆಲ್ವೆಟ್ ಕಾಯುವುದಿಲ್ಲ

ಒಂದು ಭಾನುವಾರ ಹೊಸ ಡ್ಯಾಮ್ಸೆಲ್ ತಂದೆ. ಬೇರೆ ಇಟ್ಟು ನೋಡಲಿಲ್ಲ, ನೇರ ಟ್ಯಾಂಕಿಗೆ ಬಿಟ್ಟೆ. ಗುರುವಾರ ಸಂಜೆ ಎರಡು ಮೀನು ಪಂಪಿನ ಬಾಯಿಗೆ ಎದುರಾಗಿ, ನೀರು ಹೊಡೆಯುವ ಜಾಗದಲ್ಲೇ ಅಲುಗಾಡದೆ ನಿಂತಿದ್ದವು. ಆಟ ಆಡುತ್ತಿವೆ ಅಂದುಕೊಂಡೆ. ಮೈಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ನೀರು ಅಳೆದೆ, ಎಲ್ಲ ಸರಿ ಇತ್ತು. ನಾಳೆ ನೋಡೋಣ ಅಂತ ಮಲಗಿದೆ. ಶುಕ್ರವಾರ ಎರಡು, ಶನಿವಾರ ಎರಡು ಹೋದವು. ಸತ್ತ ಮೀನಿನ ಮೇಲೆ ಟಾರ್ಚ್ ಬಿಟ್ಟಾಗ ಆ ಚಿನ್ನದ ಬಣ್ಣದ ಧೂಳು ಕಂಡಿತು. ವೆಲ್ವೆಟ್ ಮೊದಲು ಕಿವಿರನ್ನು ಹಿಡಿಯುತ್ತದೆ. ಮೈಮೇಲೆ ಧೂಳು ಕಾಣುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ.

ಹಾಗಾಗಿ ಈ ನಾಲ್ಕು ಒಟ್ಟಿಗೆ ಕಂಡರೆ ಆ ರಾತ್ರಿಯೇ ಎದ್ದು ಕೆಲಸ ಮಾಡಿ: ಏದುಸಿರು, ಪಂಪಿನ ಎದುರು ನಿಲ್ಲುವುದು, ಬೆಳಕಿಗೆ ಹೆದರಿ ಅಡಗುವುದು, ಊಟ ಬಿಡುವುದು. ನೀರಿನ ಪರೀಕ್ಷೆ ಸರಿ ಬಂದಿದ್ದು, ಇತ್ತೀಚೆಗೆ ಏನಾದರೂ ಹೊಸತು ಟ್ಯಾಂಕಿಗೆ ಬಂದಿದ್ದರಂತೂ ಅನುಮಾನವೇ ಬೇಡ. ಹೊಸತು ಅಂದರೆ ಮೀನೇ ಆಗಬೇಕಿಲ್ಲ. ಬಸವನಹುಳುವಿನ ಚಿಪ್ಪು, ಹವಳದ ತುಂಡು, ಪಕ್ಕದ ಮನೆಯವರ ಒದ್ದೆ ಬಲೆ, ಯಾವುದರ ಜೊತೆಗಾದರೂ ಬರಬಹುದು.

ಮೊದಲು ಸಿಹಿನೀರಿನ ಸ್ನಾನ. ಕ್ಲೋರಿನ್ ಇಲ್ಲದ ಆರ್‌ಒ ನೀರು, ಉಷ್ಣತೆ ಟ್ಯಾಂಕಿನಷ್ಟೇ, ಅಡುಗೆ ಸೋಡಾ ಹಾಕಿ ಪಿಎಚ್ ಸರಿಮಾಡಿದ್ದು, ಗಾಳಿ ಆಡುತ್ತಿರಬೇಕು. ಅದರಲ್ಲಿ ಮೀನನ್ನು ನಾಲ್ಕೈದು ನಿಮಿಷ ಇಡಿ. ಪಕ್ಕಕ್ಕೆ ಮಲಗಿ ನಿಶ್ಚಲವಾದರೆ ತಕ್ಷಣ ಎತ್ತಿ. ಇದರಿಂದ ಉಸಿರಿಗೆ ಸ್ವಲ್ಪ ಬಿಡುವು ಸಿಗುತ್ತದೆ, ರೋಗ ಹೋಗುವುದಿಲ್ಲ. ಇದೇ ಸ್ನಾನದಲ್ಲಿ ಎಳ್ಳಿನಷ್ಟಿರುವ ಬಿಳಿ ಚಕ್ಕೆಗಳು ಮೈಯಿಂದ ಕಳಚಿ ತಳಕ್ಕೆ ಬಿದ್ದರೆ ಅವು ಫ್ಲೂಕ್ ಎಂಬ ಚಪ್ಪಟೆ ಹುಳು. ಅದಕ್ಕೆ ಪ್ರಾಜಿಕ್ವಾಂಟೆಲ್ ಎಂಬ ಹುಳದ ಔಷಧಿ.

ಆಮೇಲೆ ಎಲ್ಲ ಮೀನನ್ನೂ ಆಸ್ಪತ್ರೆ ಟ್ಯಾಂಕಿಗೆ ಹಾಕಿ. ಮರಳು ಬೇಡ, ಕಲ್ಲು ಬೇಡ, ಬರೀ ಗಾಜು. ಅಲ್ಲಿ ತಾಮ್ರ. ಹೌದು, ಸಿಗಡಿಯನ್ನು ಕೊಂದ ಅದೇ ತಾಮ್ರ ಇಲ್ಲಿ ಔಷಧಿ. ಬರೀ ತಾಮ್ರದ ಔಷಧಿಯಾದರೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ. ಬೇರೆ ವಸ್ತುವಿಗೆ ಕಟ್ಟಿಹಾಕಿದ (ಚೀಲೇಟೆಡ್) ತಾಮ್ರವಾದರೆ ಅಳತೆ ಇದರ ಹತ್ತು ಪಟ್ಟು, ಕೆಲವಕ್ಕೆ ಅದಕ್ಕೂ ಹೆಚ್ಚು. ಎರಡನ್ನೂ ಬೆರೆಸಿ ಲೆಕ್ಕ ಹಾಕಿದರೆ ಒಂದೋ ರೋಗ ಉಳಿಯುತ್ತದೆ, ಇಲ್ಲವೇ ಮೀನು ಸಾಯುತ್ತದೆ. ಬಾಟಲಿಯ ಮೇಲಿನ ಅಳತೆ ನೋಡಿ, ಅದಕ್ಕೆ ಹೊಂದುವ ಕಿಟ್ಟಿನಲ್ಲೇ ದಿನಾ ಅಳೆಯಿರಿ. ಒಂದೇ ಸಲಕ್ಕೆ ಸುರಿಯದೆ ಒಂದೆರಡು ದಿನದಲ್ಲಿ ಏರಿಸಿ 30 ದಿನ ಅದೇ ಮಟ್ಟದಲ್ಲಿಡಿ. ನೀರಿನ ಲೆಕ್ಕ ಸುಲಭ: ಉದ್ದ, ಅಗಲ, ನೀರಿನ ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿದರೆ ಲೀಟರ್. ಟ್ಯಾಂಕ್ ಬದಲಿಸುವ ಉಪಾಯ, ಉಪ್ಪು ಇಳಿಸುವ ಉಪಾಯ ಎರಡೂ ವೆಲ್ವೆಟ್ಟಿಗೆ ನಡೆಯುವುದಿಲ್ಲ.

ಬ್ರೂಕ್ಲಿನೆಲ್ಲಾಗೆ ತಾಮ್ರ ನಾಟುವುದಿಲ್ಲ, ಫಾರ್ಮಲಿನ್ ಬೇಕು. ಕೈಗವಸು ಹಾಕಿ, ಕಿಟಕಿ ತೆಗೆದು, ಬೇರೆ ಬಕೆಟ್ಟಿನಲ್ಲಿ ಜೋರಾಗಿ ಗಾಳಿ ಬಿಟ್ಟುಕೊಂಡು, ಬಾಟಲಿಯಲ್ಲಿ ಹೇಳಿದಷ್ಟೇ. ತಳದಲ್ಲಿ ಬಿಳಿ ಗಸಿ ಕೂತಿದ್ದರೆ ಆ ಬಾಟಲಿ ಬಳಸಬೇಡಿ.

ಉಳಿದ ಸಣ್ಣಪುಟ್ಟವು

ಒಂದೇ ಕಣ್ಣು ಊದಿದ್ದರೆ ಸಾಮಾನ್ಯವಾಗಿ ಪೆಟ್ಟು. ಬಲೆಯಲ್ಲಿ ಹಿಡಿಯುವಾಗಲೋ ಕಲ್ಲಿಗೆ ತಾಗಿಯೋ ಆಗಿರುತ್ತದೆ, ಶುದ್ಧ ನೀರಿನಲ್ಲಿ ತಾನೇ ಇಳಿಯುತ್ತದೆ. ಎರಡೂ ಊದಿದ್ದರೆ ಒಳಗಿನ ಸೋಂಕು, ಆಸ್ಪತ್ರೆ ಟ್ಯಾಂಕ್. ಕ್ರೋಮಿಸ್ ಮೀನಿನ ಪಕ್ಕೆಯಲ್ಲಿ ಕೆಂಪು ಹುಣ್ಣು ಕಂಡರೆ ಯುರೋನೆಮಾ ಎಂಬ ಪರೋಪಜೀವಿ ಇರಬಹುದು, ಉಳಿಯುವುದು ಕಷ್ಟ, ಬೇರೆ ಮಾಡಿ. ಊಟ ಮಾಡುತ್ತದೆ, ಆದರೂ ಬೆನ್ನು ತೆಳ್ಳಗಾಗಿ ಬಿಳಿ ದಾರದಂಥ ಹಿಕ್ಕೆ ಹಾಕುತ್ತದೆ ಅಂದರೆ ಹೊಟ್ಟೆಯ ಪರೋಪಜೀವಿ. ಆಗ ಔಷಧಿಯನ್ನು ಊಟಕ್ಕೆ ಬೆರೆಸಬೇಕು. ಕರೆಂಟ್ ಹೋದಾಗ ಕರಗಿ ಮತ್ತೆ ಗಟ್ಟಿಯಾದ ಫ್ರೀಜರ್ ಊಟವನ್ನು ಎಸೆಯಿರಿ, ದುಡ್ಡಿನ ಮುಖ ನೋಡಬೇಡಿ. ಕೈಯಲ್ಲಿ ಗಾಯ ಇದ್ದರೆ ಗವಸು ಇಲ್ಲದೆ ಟ್ಯಾಂಕಿಗೆ ಕೈ ಹಾಕಬೇಡಿ, ಮೀನಿನ ಒಂದು ಬಗೆಯ ಕ್ಷಯದ ಬ್ಯಾಕ್ಟೀರಿಯಾ ಮನುಷ್ಯರ ಚರ್ಮಕ್ಕೂ ಹತ್ತುತ್ತದೆ. ಆ್ಯಂಟಿಬಯಾಟಿಕ್ಕನ್ನು ಅಂದಾಜಿನ ಮೇಲೆ ಸುರಿಯಬೇಡಿ, ಪಶುವೈದ್ಯರನ್ನು ಕೇಳಿ. ಮೀನುಗಾರಿಕೆ ಓದಿದವರ ಪರಿಚಯ ಇದ್ದರೆ ಇನ್ನೂ ಒಳ್ಳೆಯದು. ದೇಶದ ಮೊದಲ ಮೀನುಗಾರಿಕೆ ಕಾಲೇಜು 1969ರಲ್ಲಿ ಶುರುವಾದದ್ದು ಘಟ್ಟದ ಕೆಳಗೆ, ಮಂಗಳೂರಿನಲ್ಲೇ. ಹಾಗಾಗಿ ಓದಿದವರು ನಮ್ಮ ಕಡೆಯೂ ಸಿಗುತ್ತಾರೆ.

ಖಾಲಿ ಟ್ಯಾಂಕ್

ಇಚ್ ಅಥವಾ ವೆಲ್ವೆಟ್ ಬಂದ ಟ್ಯಾಂಕಿನಲ್ಲಿ ಮೀನು ಇಲ್ಲದೆ 76 ದಿನ ಕಳೆಯಬೇಕು. ಸಿಗಡಿ, ಬಸವನಹುಳು, ಕಲ್ಲು ಅಲ್ಲೇ ಇರಲಿ, ಪಂಪ್ ಓಡುತ್ತಿರಲಿ, ಸಿಗಡಿಗೆ ಚೂರು ಊಟ ಹಾಕುತ್ತಿರಿ. ಒಂದೇ ಒಂದು ಮೀನು ಉಳಿದರೂ ಲೆಕ್ಕ ಸೊನ್ನೆಯಿಂದ ಶುರು. ಜೂನ್ 20ಕ್ಕೆ ಖಾಲಿ ಮಾಡಿದರೆ ಸೆಪ್ಟೆಂಬರ್ 4, ಗಣಪತಿ ಹಬ್ಬದ ಆಸುಪಾಸು. ಮನೆಗೆ ಬಂದವರೆಲ್ಲ "ಮೀನು ಎಲ್ಲಿ?" ಅಂತ ಕೇಳುತ್ತಾರೆ. ಕೇಳಲಿ.

ಆ ದಿನಗಳಲ್ಲಿ ಎರಡು ಟ್ಯಾಂಕಿಗೂ ಒಂದೇ ಬಲೆ, ಒಂದೇ ಬಕೆಟ್ ಬಳಸಬೇಡಿ. ಆಸ್ಪತ್ರೆ ಟ್ಯಾಂಕಿನ ಸಾಮಾನಿಗೆ ಕೆಂಪು ಟೇಪ್ ಸುತ್ತಿ. ತೊಳೆದ ಮೇಲೆ ಅವು ಪೂರ್ತಿ ಒಣಗಬೇಕು, ಒದ್ದೆ ಬಲೆಯಲ್ಲಿ ರೋಗ ಬದುಕಿರುತ್ತದೆ. ಆಷಾಢದ ಮಲೆನಾಡಿನಲ್ಲಿ ಯಾವುದು ತಾನೆ ಒಣಗುತ್ತದೆ, ಅಲ್ವಾ? ಅದಕ್ಕೆ ನಮ್ಮ ಹಳೇ ಮನೆಯಲ್ಲಿ ಬಚ್ಚಲ ಒಲೆಯ ಮೇಲಿನ ತಂತಿಯಲ್ಲಿ ಮಕ್ಕಳ ಯೂನಿಫಾರಂ, ಅಪ್ಪನ ಪಂಚೆ, ಅವುಗಳ ಪಕ್ಕದಲ್ಲಿ ಎರಡು ಮೀನಿನ ಬಲೆ ನೇತಾಡುತ್ತಿದ್ದವು, ಹಂಡೆಗೆ ತಾಗದಷ್ಟು ಎತ್ತರದಲ್ಲಿ.